240 ಝಡ್ ಹಿಂಬಾಗಿಲಿಗೆ ಯಾವ ಬೀಡಿಂಗ್? ಕೊಳ್ಳುವ ಮುನ್ನ ಸಂದು ಅಳೆಯಿರಿ

ಡಾಟ್ಸನ್ 240 ಝಡ್ ಕೊಂಡವರು ಮೊದಲ ವಾರವೆಲ್ಲ ಎಂಜಿನ್ನಿನ ಮಾತಾಡುತ್ತಾರೆ. ಎರಡನೇ ವಾರದಿಂದ ವಾಸನೆಯ ಮಾತು. ಕಿಟಕಿ ಇಳಿಸಿಕೊಂಡು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಸೈಲೆನ್ಸರಿನ ಹೊಗೆ ಒಳಗೇ ಬಂದು ಕೂತಿರುತ್ತದೆ. ಮನೆಗೆ ಬಂದು ಅಂಗಿ ಬಿಚ್ಚಿದರೆ ಅದರಲ್ಲೂ ಅದೇ ವಾಸನೆ. ಆಮೇಲೆ ಡಿಕ್ಕಿಯ ಬಾಗಿಲೆತ್ತಿ ನೋಡಿದರೆ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒಣಗಿದ ಹುಣಸೆಹಣ್ಣಿನ ಸಿಪ್ಪೆಯ ಹಾಗೆ ಉದುರುತ್ತಿರುತ್ತದೆ. ಹೊಸದು ಹಾಕೋಣ ಎಂದು ಹುಡುಕಲು ಕೂತಾಗ ಶುರುವಾಗುವುದು ನಿಜವಾದ ಗೊಂದಲ. ಅದೇ ಕಾರಿಗೆಂದು ಮಾಡಿದ ಮರುತಯಾರಿಕೆಯ ರಬ್ಬರ್ ಒಂದು ಕಡೆ, ಮೀಟರಿನ ಲೆಕ್ಕದಲ್ಲಿ ಸಿಗುವ ಸಾಮಾನ್ಯ ಬೀಡಿಂಗ್ ಇನ್ನೊಂದು ಕಡೆ. ಗುಜರಿಯಲ್ಲಿ ನಿಂತ ಕಿಯಾದಿಂದ ಕಿತ್ತು ತಂದರೆ ಸಾಕು ಎನ್ನುವವರೂ ಇದ್ದಾರೆ. ಇದೊಂದನ್ನೂ ಒಪ್ಪದೆ ಕಂಪನಿಯ ಹಳೇ ದಾಸ್ತಾನೇ ಬೇಕು ಎಂದು ಹಟ ಹಿಡಿಯುವವರೂ ಉಂಟು.

ಈ ಕಾರು ಭಾರತದಲ್ಲಿ ಸಾಮಾನ್ಯವಾಗಿ ಕಾಣಸಿಗುವಂಥದ್ದಲ್ಲ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಗ್ಯಾರೇಜಿನಲ್ಲಿ ಒಂದನ್ನು ಇಟ್ಟುಕೊಂಡು ಶನಿವಾರ ಭಾನುವಾರ ಕೈ ಕಪ್ಪು ಮಾಡಿಕೊಳ್ಳುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು. ಬೆಂಗಳೂರಿನಲ್ಲಿ ಬೇರೆ ಯಾವುದೋ ಹಳೇ ಕಾರನ್ನು ರಿಪೇರಿ ಮಾಡಿಕೊಳ್ಳುತ್ತ ಜೆ.ಸಿ. ರಸ್ತೆಯಲ್ಲಿ ಬೀಡಿಂಗ್ ಹುಡುಕುವವರಿಗೂ ಅಳತೆಯ ಲೆಕ್ಕ ಇದೇ.

ಮೊದಲು ಕಾರಣ ನೋಡೋಣ, ಏಕೆಂದರೆ ಆಯ್ಕೆ ನಿಲ್ಲುವುದು ಅದರ ಮೇಲೆ. 1969ರ ಕೊನೆಯಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂದು ಬಂದ ಈ ಕಾರಿಗೆ ಎಸ್30 ಎಂಬುದು ಕಾರ್ಖಾನೆಯ ಸಂಕೇತ. ಅಮೆರಿಕದಲ್ಲಿ 240, 260, 280 ಎಂದು ಹೆಸರು ಬದಲಾಗುತ್ತ 1978ರವರೆಗೂ ಇದೇ ಮೈಕಟ್ಟು ಮಾರಾಟವಾಯಿತು. ಛಾವಣಿ ಇಳಿಜಾರಾಗಿ ಬಂದು ಹಿಂದೆ ತಟ್ಟನೆ ಕತ್ತರಿಸಿದಂತೆ ಮುಗಿಯುತ್ತದೆ. ಓಡುವಾಗ ಆ ಕತ್ತರಿಸಿದ ಭಾಗದ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ, ಸೈಲೆನ್ಸರಿನ ಹೊಗೆ ಆ ಸುಳಿಯಲ್ಲೇ ತಿರುಗುತ್ತಿರುತ್ತದೆ. ಪಕ್ಕದ ಕಿಟಕಿ ಇಳಿಸಿದಿರೋ, ಒಳಗಿನ ಗಾಳಿಯನ್ನು ಹೊರಗಿನ ಗಾಳಿ ಎಳೆದುಕೊಂಡು ಹೋಗುತ್ತದೆ. ಖಾಲಿಯಾದ ಜಾಗ ತುಂಬಲು ಹಿಂದಿನಿಂದ, ಸಿಕ್ಕ ಸಂದಿಯಿಂದೆಲ್ಲ, ಹೊಗೆ ನುಗ್ಗುತ್ತದೆ. ಅಂದರೆ ಈ ಬೀಡಿಂಗಿಗೆ ಮಳೆ ತಡೆಯುವುದು ಎರಡನೇ ಕೆಲಸ, ಹೊಗೆ ತಡೆಯುವುದೇ ಮೊದಲನೆಯದು. ಮಳೆಯೇ ಬಾರದ ಊರಿನಲ್ಲಿದ್ದರೂ ಇದನ್ನು ಅಸಡ್ಡೆ ಮಾಡುವಂತಿಲ್ಲ. ಹೊಗೆಯೊಂದಿಗೆ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಮೂಗಿಗೆ ಏನೂ ಬರುತ್ತಿಲ್ಲ ಎಂದರೆ ಎಲ್ಲ ಸರಿಯಿದೆ ಎಂದಲ್ಲ. ಬ್ಯಾಟರಿಯ ಮೇಲೆ ನಡೆಯುವ ಚಿಕ್ಕ ಮಾಪಕವೊಂದನ್ನು ಸೀಟಿನ ಹಿಂದೆ ಇಟ್ಟುಕೊಳ್ಳಿ.

ಯಾವುದರ ಮೇಲೆ ತೂಗಬೇಕು

ಈ ಹಿಂಬಾಗಿಲಿನ ಬೀಡಿಂಗಿಗೆ ಎರಡು ಅಂಗ. ಡಿಕ್ಕಿಯ ಬಾಯಿಯ ಸುತ್ತ ಎದ್ದುನಿಂತ ತಗಡಿನ ಅಂಚನ್ನು ಕಚ್ಚಿ ಹಿಡಿಯುವ 'ಬಾಯಿ' ಒಂದು, ಬಾಗಿಲು ಮುಚ್ಚಿದಾಗ ಅಮುಕಿಕೊಂಡು ಸಂದು ಮುಚ್ಚುವ ಟೊಳ್ಳು 'ಕೊಳವೆ' ಇನ್ನೊಂದು. ಬಾಯಿ ಗಟ್ಟಿ ಇರಬೇಕು, ಕೊಳವೆ ಮೆತ್ತಗಿರಬೇಕು. ಹೊಸ ಬೀಡಿಂಗ್ ಹಾಕಿ ಬಾಗಿಲು ಕೂರುತ್ತಿಲ್ಲ ಎನ್ನುವ ದೂರುಗಳಲ್ಲಿ ಬಹುಪಾಲಿಗೆ ಮೂಲ ಒಂದೇ, ಕೊಳವೆಯೂ ಬಾಯಿಯಷ್ಟೇ ಗಟ್ಟಿಯಾಗಿರುತ್ತದೆ. ಅಂಗಡಿಯ ಚಿತ್ರದಲ್ಲಿ ಆಕಾರ ಕಾಣುತ್ತದೆ, ಮೆದುತನ ಕಾಣುವುದಿಲ್ಲ.

ಹಾಗಾಗಿ ಕೊಳ್ಳುವ ಮುಂಚೆ ಮೂರು ಅಳತೆ ಕೈಯಲ್ಲಿರಬೇಕು.

ಮೊದಲನೆಯದು ಸಂದು. ಹಳೇ ಬೀಡಿಂಗ್ ಪೂರ್ತಿ ಕಿತ್ತುಹಾಕಿ. ಮಕ್ಕಳ ಆಟದ ಜೇಡಿಯನ್ನು ನಿಂಬೆಗಾತ್ರದ ಉಂಡೆ ಮಾಡಿ, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ತಗಡಿನ ಅಂಚಿನ ಮೇಲೆ ಹತ್ತು ಕಡೆ ಕೂರಿಸಿ. ಮೇಲೆ ಮೂರು, ಎರಡೂ ಪಕ್ಕ ಎರಡೆರಡು, ಕೆಳಗೆ ಮೂರು. ಬಾಗಿಲನ್ನು ಲಾಚ್ ಬೀಳುವವರೆಗೆ ಮುಚ್ಚಿ, ತೆರೆದು, ಉಂಡೆಗಳನ್ನು ಬ್ಲೇಡಿನಿಂದ ಸೀಳಿ, ತಗಡಿನ ತುದಿಯಿಂದ ಬಾಗಿಲ ಒಳಮೈವರೆಗಿನ ದಪ್ಪ ಅಳೆಯಿರಿ. ಎಲ್ಲ ಕಡೆ ಒಂದೇ ಅಂಕಿ ಬರುವುದಿಲ್ಲ. ಐವತ್ತು ವರ್ಷದ ಕಾರು, ಒಮ್ಮೆಯಾದರೂ ಹಿಂದಿನಿಂದ ಗುದ್ದಿಸಿಕೊಂಡಿರುತ್ತದೆ. ಒಂದು ಮೂಲೆಯಲ್ಲಿ 9, ಇನ್ನೊಂದರಲ್ಲಿ 13 ಮಿ.ಮೀ. ಬಂದರೆ ಬೆಚ್ಚಬೇಡಿ.

ಕೊಳವೆ ತನ್ನ ಎತ್ತರದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ ಅಮುಕಿದರೆ ಚೆನ್ನಾಗಿ ಮುಚ್ಚುತ್ತದೆ. ಸಂದು 12 ಮಿ.ಮೀ. ಇದ್ದರೆ ತಗಡಿನ ತುದಿಯಿಂದ ಮೇಲೆ ಬೀಡಿಂಗ್ 16ರಿಂದ 18 ಮಿ.ಮೀ. ಎದ್ದಿರಬೇಕು. ಸಂದು 9ರಿಂದ 13ರವರೆಗೆ ಏರಿಳಿದರೆ 16 ಮಿ.ಮೀ. ಕೊಳವೆ ಒಂದು ಕಡೆ ನೂರಕ್ಕೆ 44ರಷ್ಟು, ಇನ್ನೊಂದು ಕಡೆ 19ರಷ್ಟು ಅಮುಕಬೇಕಾಗುತ್ತದೆ. ಸ್ಪಂಜಿನಂಥ ಇಪಿಡಿಎಂ (ಬಿಸಿಲು, ಮಳೆ ತಾಳುವ ಕೃತಕ ರಬ್ಬರ್) ಇದನ್ನು ಸಹಿಸುತ್ತದೆ. ಗಟ್ಟಿ ರಬ್ಬರಾದರೆ ಬಿಗಿ ಇರುವ ಕಡೆ ಬಾಗಿಲನ್ನೇ ಎತ್ತಿ, ಸಡಿಲ ಇರುವ ಕಡೆ ಬಾಯಿ ಬಿಡಿಸುತ್ತದೆ.

ಎರಡನೆಯದು ತಗಡಿನ ದಪ್ಪ. ಎರಡು ಪದರ ಬೆಸೆದಲ್ಲಿ ಒಂದು ಲೆಕ್ಕ, ಮೂರು ಪದರ ಸೇರಿದಲ್ಲಿ ಇನ್ನೊಂದು, ಅದರ ಮೇಲೆ ಹಿಂದಿನವರು ಬಳಿದ ಬಣ್ಣ. ಮೇಲ್ಭಾಗದಲ್ಲಿ ಛಾವಣಿಯ ವಿನೈಲ್ ಅಂಚಿನ ಮೇಲೆ ಮಡಚಿದ್ದರೆ ಇನ್ನಷ್ಟು ದಪ್ಪ. ಕ್ಯಾಲಿಪರಿನಲ್ಲಿ ಹತ್ತು ಕಡೆಯೂ ಅಳೆದು ಕನಿಷ್ಠ, ಗರಿಷ್ಠ ಎರಡನ್ನೂ ಬರೆದುಕೊಳ್ಳಿ. ಬೀಡಿಂಗಿನ ವಿವರದಲ್ಲಿ 'ಹಿಡಿತ 1ರಿಂದ 3 ಮಿ.ಮೀ.' ಎಂಬಂಥ ಮಾತಿರುತ್ತದೆ, ನಿಮ್ಮ ಎರಡೂ ಅಂಕಿ ಅದರೊಳಗೆ ಬರಬೇಕು.

ಮೂರನೆಯದು ಸುತ್ತಳತೆ. ಟೇಪು ಮೂಲೆಯಲ್ಲಿ ಸುಳ್ಳು ಹೇಳುತ್ತದೆ. ಅಂಚಿನ ಮೇಲೆ ದಾರ ಹಾಯಿಸಿ, ಆಮೇಲೆ ದಾರ ಅಳೆಯಿರಿ. ಎರಡು ಸೀಟಿನ ಕಾರಿಗೆ 4 ಮೀಟರ್ ಆಸುಪಾಸು ಎಂದು ಇಟ್ಟುಕೊಂಡು ಅರ್ಧ ಮೀಟರ್ ಹೆಚ್ಚು ಕೊಳ್ಳಿ. 1974ರಿಂದ ಬಂದ, ಹಿಂದೆ ಇನ್ನೆರಡು ಚಿಕ್ಕ ಸೀಟಿರುವ 2+2 ಮಾದರಿಯ ಛಾವಣಿಯೇ ಬೇರೆ, ಹಿಂಬಾಗಿಲೂ ಬೇರೆ. ಅದಕ್ಕೆ ಇದರದು, ಇದಕ್ಕೆ ಅದರದು ಆಗುವುದಿಲ್ಲ.

ಇನ್ನು ಮೆದುತನ. ಇದನ್ನು ಬೆರಳಲ್ಲಿ ಅಮುಕಿ 'ಪರವಾಗಿಲ್ಲ' ಎನ್ನುವವರೇ ಹೆಚ್ಚು. ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. 100 ಮಿ.ಮೀ. ತುಂಡು ಬೀಡಿಂಗನ್ನು ಕೊಳವೆ ಮೇಲೆ ಬರುವಂತೆ ತಕ್ಕಡಿಯ ಮೇಲಿಡಿ. ಪಕ್ಕದಲ್ಲಿ ಒಂದು ಸ್ಕೇಲು ನಿಲ್ಲಿಸಿ. ಚಪ್ಪಟೆ ಮರದ ತುಂಡಿನಿಂದ ಮೇಲಿನಿಂದ ಒತ್ತುತ್ತ, ಕೊಳವೆ ನಿಮ್ಮ ಸಂದಿನ ಅಳತೆಗೆ ಇಳಿದ ಕ್ಷಣ ತಕ್ಕಡಿ ತೋರಿಸುವ ಅಂಕಿ ಓದಿ. 600 ಗ್ರಾಂ ಬಂತು ಅನ್ನಿ. ಸುತ್ತಳತೆ 4 ಮೀಟರಾದರೆ ಅಂಥ 40 ತುಂಡು, ಒಟ್ಟು 24 ಕಿಲೋ ಒತ್ತಡ. ಕೈಯಲ್ಲಿ ಒತ್ತಿದರೆ ಬಾಗಿಲು ಮುಚ್ಚುತ್ತದೆ, ಲಾಚೂ ತಾಳುತ್ತದೆ. ಅದೇ ತುಂಡು 2 ಕಿಲೋ ತೋರಿಸಿದರೆ ಒಟ್ಟು 80 ಕಿಲೋ. ಒಬ್ಬ ಮನುಷ್ಯ ಒಳಗಿನಿಂದ ಸದಾ ಬಾಗಿಲನ್ನು ಒದೆಯುತ್ತಿದ್ದ ಹಾಗೆ. ಮೇಲೆ ಎರಡು ಹಿಂಜು, ಕೆಳಗೆ ನಡುವೆ ಒಂದೇ ಲಾಚ್ ಇರುವ ಬಾಗಿಲಿಗೆ ಅಷ್ಟು ಒತ್ತಡ ಬಿದ್ದರೆ ಕೆಳಗಿನ ಎರಡು ಮೂಲೆ ಹೊರಕ್ಕೆ ಏಳುತ್ತವೆ. ಹೊಗೆ ಬರುವುದೂ ಆ ಮೂಲೆಗಳಿಂದಲೇ. ಮಾದರಿ ತುಂಡು ಕಳಿಸಿ ಎಂದು ಕೇಳಿದರೆ ಕಳಿಸುವ ಮಾರಾಟಗಾರರು ಇದ್ದಾರೆ, ಕೇಳಲು ನಾಚಿಕೆ ಬೇಡ.

ಕಂಪನಿಯ ಹಳೇ ದಾಸ್ತಾನು

ಪ್ಯಾಕೆಟ್ಟಿನ ಮೇಲೆ ಡಾಟ್ಸನ್ ಕಾರುಗಳ ತಯಾರಕ ನಿಸಾನ್‌ನ ಹೆಸರಿದ್ದರೆ ಕಣ್ಣು ಅರಳುತ್ತದೆ. ಆಕಾರ, ಮೂಲೆಗಳ ತಿರುವು, ಉದ್ದ ಎಲ್ಲ ಪಕ್ಕಾ. ಆದರೆ ರಬ್ಬರಿಗೆ ವಯಸ್ಸಾಗುವುದು ಕಾರಿನ ಮೇಲೆ ಮಾತ್ರವಲ್ಲ, ಕಪಾಟಿನೊಳಗೂ ಆಗುತ್ತದೆ. ಮಡಚಿಟ್ಟ ಜಾಗದಲ್ಲಿ ಕೊಳವೆ ಚಪ್ಪಟೆಯಾಗಿ, ಹಾಗೇ ನಿಂತಿರುತ್ತದೆ. ಹಣ ಕೊಡುವ ಮುಂಚೆ ಎರಡು ಚಿತ್ರ ಕೇಳಿ: ಮಡಿಕೆ ಬಿಡಿಸಿದ್ದು ಒಂದು, ಬೆರಳಿನ ಸುತ್ತ ಪೂರ್ತಿ ಬಗ್ಗಿಸಿದ್ದು ಒಂದು. ಮೇಲೆ ಬೂದಿ ಬಳಿದಂತೆ ಬಿಳಿ ಪುಡಿ ಇದ್ದರೆ ಹೆದರಬೇಕಿಲ್ಲ, ರಬ್ಬರಿನೊಳಗಿನ ಮೇಣ ಹೊರಬಂದಿರುತ್ತದೆ, ಒರೆಸಿದರೆ ಹೋಗುತ್ತದೆ. ಬಗ್ಗಿಸಿದಾಗ ಕೂದಲೆಳೆಯಂಥ ಅಡ್ಡ ಬಿರುಕು ಕಂಡರೆ ಮಾತ್ರ ಬೇಡ, ಒಂದು ಬೇಸಿಗೆಯಲ್ಲಿ ಅದು ಸೀಳುತ್ತದೆ.

ಪ್ರದರ್ಶನಕ್ಕೆ ಇಡುವ ಕಾರು, ವರ್ಷಕ್ಕೆ ನಾಲ್ಕು ಸಲ ಹೊರಬರುವಂಥದ್ದು, ತೀರ್ಪುಗಾರರು ಟಾರ್ಚ್ ಹಾಕಿ ನೋಡುವಂಥದ್ದು ಇದ್ದರೆ ಇದಕ್ಕೆ ಹಣ ಸುರಿಯಿರಿ. ದಿನವೂ ಓಡಿಸುವವರಿಗೆ ಇದು ದುಬಾರಿ ಭಾವುಕತೆ.

ಅದೇ ಕಾರಿಗೆಂದು ಮಾಡಿದ ಮರುತಯಾರಿಕೆ

ಹೆಚ್ಚಿನವರು ಕೊಳ್ಳುವುದೂ ಇದನ್ನೇ, ಹೆಚ್ಚು ಬೈಯುವುದೂ ಇದನ್ನೇ. ಎರಡಕ್ಕೂ ಕಾರಣವಿದೆ. 'ಮರುತಯಾರಿಕೆ' ಎಂಬ ಒಂದೇ ಹೆಸರಿನಡಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದರಲ್ಲಿ ಬಾಯಿಯೊಳಗೆ ಉಕ್ಕಿನ ಪಟ್ಟಿ, ಮೇಲೆ ಸ್ಪಂಜು ರಬ್ಬರಿನ ಕೊಳವೆ. ಇನ್ನೊಂದು ಮೂಲ ಬೀಡಿಂಗಿನ ಅಡ್ಡಸೀಳು ನೋಡಿ ಒಂದೇ ಬಗೆಯ ದಟ್ಟ ರಬ್ಬರಿನಲ್ಲಿ ಎಳೆದದ್ದು. ಎರಡರ ಆಕಾರವೂ ಒಂದೇ, ಚಿತ್ರದಲ್ಲಿ ಅವಳಿಜವಳಿ. ತಕ್ಕಡಿಯ ಮೇಲೆ ಇಟ್ಟಾಗಷ್ಟೇ ಬಣ್ಣ ಬಯಲಾಗುತ್ತದೆ. ಕತ್ತರಿಸಿದ ತುದಿಯನ್ನು ಹತ್ತಿರದಿಂದ ನೋಡಿ: ಕೊಳವೆಯ ಗೋಡೆಯಲ್ಲಿ ಇಡ್ಲಿಯ ಒಳಮೈಯಂತೆ ಸಣ್ಣ ರಂಧ್ರಗಳಿದ್ದರೆ ಸ್ಪಂಜು, ಚಪ್ಪಲಿಯ ಅಟ್ಟೆಯಂತೆ ನುಣುಪಾಗಿದ್ದರೆ ದಟ್ಟ ರಬ್ಬರ್.

ಸ್ಪಂಜಿನದು ಸಿಕ್ಕರೆ ಈ ಆಯ್ಕೆಯೇ ಬಹುಮಂದಿಗೆ ಸರಿ. ಮೂಲೆಯಲ್ಲಿ ಕೊಳವೆ ಮಡಚುವುದಿಲ್ಲ, ಒಳಗಿನ ಪ್ಲಾಸ್ಟಿಕ್ ಅಂಚುಗಳನ್ನು ಮುಚ್ಚುವ ತುಟಿಯೂ ಇರುತ್ತದೆ, ನೋಡಲು ಕಾರ್ಖಾನೆಯದೇ ಅನ್ನಿಸುತ್ತದೆ. ದಟ್ಟ ರಬ್ಬರಿನದು ಈಗಾಗಲೇ ಮನೆಗೆ ಬಂದಿದೆ, ವಾಪಸು ಮಾಡುವ ಅವಧಿಯೂ ಮುಗಿದಿದೆ ಎಂದರೆ ಒಂದು ದಾರಿ ಉಂಟು. ಹಾಕಿ, ಬಿಸಿಲಲ್ಲಿ ನಿಲ್ಲಿಸಿ, ಎರಡು ವಾರ ಬಾಗಿಲು ಮುಚ್ಚಿಯೇ ಇಡಿ. ಬಿಸಿಗೆ ರಬ್ಬರ್ ಸ್ವಲ್ಪ ಮಣಿಯುತ್ತದೆ. 1 ಮಿ.ಮೀ. ಸಿಕ್ಕೀತು, 4 ಮಿ.ಮೀ. ಸಿಗುವುದಿಲ್ಲ. 'ಕಾಲ ಕಳೆದಂತೆ ಸರಿಹೋಗುತ್ತದೆ' ಎಂಬ ಮಾತನ್ನು ಇಷ್ಟಕ್ಕೇ ನಂಬಿ.

ಬಾಗಿಲು ಕೂರಲಿಲ್ಲವೆಂದು ಸ್ಟ್ರೈಕರನ್ನು (ಲಾಚ್ ಕಚ್ಚಿಕೊಳ್ಳುವ ಕೊಂಡಿ) ಎಳೆದು ಬಿಗಿ ಮಾಡುವುದು, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಬಗ್ಗಿಸುವುದು ಬೇಡವೇ ಬೇಡ. ನಡುಭಾಗ ಮಾತ್ರ ಒಳಗೆ ಹೋಗಿ ಮೂಲೆಗಳು ಇನ್ನಷ್ಟು ಏಳುತ್ತವೆ, ಮೇಲಿನ ಅಂಚು ಛಾವಣಿಗೆ ತಾಗಿ ಬಣ್ಣ ಚಕ್ಕೆ ಏಳುತ್ತದೆ.

ಮೀಟರಿನ ಲೆಕ್ಕದ ಬೀಡಿಂಗ್

ಅಗ್ಗ, ಎಲ್ಲೆಡೆ ಸಿಗುತ್ತದೆ. ಅಳತೆ ಗೊತ್ತಿದ್ದವರಿಗೆ ಇದು ಅಚ್ಚುಕಟ್ಟಾದ ಆಯ್ಕೆ, ಗೊತ್ತಿಲ್ಲದವರಿಗೆ ಗುಂಡಿ. ನೋಡಬೇಕಾದ್ದು ನಾಲ್ಕು.

ಕೊಳವೆ ಬಾಯಿಯ ನೆತ್ತಿಯ ಮೇಲಿದೆಯೋ ಪಕ್ಕದಲ್ಲಿದೆಯೋ? ಬಾಗಿಲು ಅಂಚಿನ ತುದಿಗೆ ಎದುರಾಗಿ ಬಂದು ಕೂರುವಲ್ಲಿ ನೆತ್ತಿಯ ಮೇಲಿನದು ಬೇಕು. ಪಕ್ಕದ್ದನ್ನು ತಂದರೆ ಕೊಳವೆ ಗಾಳಿಯಲ್ಲಿ ತೂಗುತ್ತದೆ, ಬಾಗಿಲು ಬಾಯಿಯ ಮೇಲೆ ಕೂರುತ್ತದೆ. ಹಳೇ ಬೀಡಿಂಗಿನ ಒಂದು ತುಂಡು ಸೀಳಿ ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡು ಅದರ ಜೊತೆ ಹೋಲಿಸಿ.

ಬಾಯಿಯೊಳಗೆ ಏನಿದೆ? ಹೆಣೆದ ತಂತಿ ಇದ್ದರೆ ಎಲ್ಲ ದಿಕ್ಕಿಗೂ ಬಗ್ಗುತ್ತದೆ. ಕತ್ತರಿಸಿದ ತಗಡಿನ ಹಲ್ಲುಗಳಿದ್ದರೆ ಹಿಡಿತ ಜಾಸ್ತಿ, ಆದರೆ ಇಕ್ಕಟ್ಟಿನ ಮೂಲೆಯಲ್ಲಿ ಹಲ್ಲು ಬಾಯಿಬಿಡುತ್ತದೆ.

ಬಾಯಿಯ ಹೊದಿಕೆ ಪಿವಿಸಿಯೋ ಇಪಿಡಿಎಂ ರಬ್ಬರೋ? ಪಿವಿಸಿ ಮೊದಲ ವರ್ಷ ಚೆಂದ, ಬಿಸಿಲಿಗೆ ಸೆಟೆದು ಹಿಡಿತ ಬಿಡುವುದು ಆಮೇಲೆ. ಹಿಂದೆ ಅಷ್ಟು ದೊಡ್ಡ ಗಾಜಿರುವ ಕಾರಿನಲ್ಲಿ ಬಿಸಿಲು ನೇರ ಅದರ ಮೇಲೇ ಬೀಳುತ್ತದೆ.

ಕಡೆಯದು ಮೂಲೆ. ನೇರವಾಗಿ ಎಳೆದ ಕೊಳವೆಯನ್ನು ಇಕ್ಕಟ್ಟಿನ ತಿರುವಿಗೆ ಬಗ್ಗಿಸಿದರೆ ಒಳಬದಿ ಮಡಿಕೆ ಬಿದ್ದು ಕುಸಿಯುತ್ತದೆ. ತೋಟದ ನೀರಿನ ಪೈಪು ಮಡಚಿಕೊಂಡಾಗ ಆಗುವುದು ಇದೇ. ಕುಸಿದಲ್ಲಿ ಸಂದು. ಪರಿಹಾರ ಸುಲಭ: ಮೂಲೆಗೆ ಬರುವ 100 ಮಿ.ಮೀ. ಉದ್ದಕ್ಕೆ ಕೊಳವೆಯೊಳಗೆ ಮೆತ್ತನೆ ಫೋಮ್ ದಾರವನ್ನೋ ತೆಳು ಗೋಡೆಯ ಸಿಲಿಕೋನ್ ಟ್ಯೂಬನ್ನೋ ಸೇರಿಸಿ. ತುದಿಯಿಂದ ಸೇರಿಸಿ ಮೂಲೆಯವರೆಗೆ ತಳ್ಳಲು ಸಾಬೂನು ನೀರು ಬೇಕು. ಈ ಸಹನೆ ಇಲ್ಲದವರು ಮೀಟರಿನ ಬೀಡಿಂಗಿಗೆ ಹೋಗಬೇಡಿ.

ಗುಜರಿಯಿಂದ ತಂದದ್ದು

ಝಡ್ ಇಟ್ಟುಕೊಂಡವರಲ್ಲಿ ಮೊದಲ ತಲೆಮಾರಿನ ಕಿಯಾ ಸ್ಪೋರ್ಟೇಜ್ ಹೆಸರು ಗೊತ್ತಿಲ್ಲದವರು ಕಡಿಮೆ. ಅದರ ಬಾಗಿಲಿನ ಬೀಡಿಂಗ್ ಝಡ್‌ನ ಪಕ್ಕದ ಬಾಗಿಲಿಗೆ ಚೆನ್ನಾಗಿ ಹೊಂದುತ್ತದೆ ಎಂದು ಯಾರೋ ಕಂಡುಹಿಡಿದು, ಅದು ಬಾಯಿಂದ ಬಾಯಿಗೆ ಹಬ್ಬಿತು. ಕಾರಣ ಸರಳ, ಕೊಳವೆ ಮೆತ್ತಗೆ. ಹಿಂಬಾಗಿಲಿಗೂ ಅದೇ ತರ್ಕ ನಡೆಯುತ್ತದೆ. ದೊಡ್ಡ ಕಾರ್ಖಾನೆಯೊಂದು ಲಕ್ಷಗಟ್ಟಲೆ ಕಾರಿಗೆ ಮಾಡಿಸಿದ ಬೀಡಿಂಗಿನ ಗುಣಮಟ್ಟ, ನೂರಿನ್ನೂರು ಹಳೇ ಕಾರಿಗೆ ಮಾಡುವ ಮರುತಯಾರಿಕೆಯಲ್ಲಿ ಬರುವುದು ಕಷ್ಟ. ಗುಜರಿಯ ಬೆಲೆಗೆ ಅದು ಸಿಗುತ್ತದೆ.

ಆದರೆ ಹಿಂಬಾಗಿಲಿಗೆ 'ಇದೇ ಕಾರಿನದು ತನ್ನಿ' ಎಂದು ಕಣ್ಣುಮುಚ್ಚಿ ಹೋಗಬೇಡಿ. ಗುಜರಿಗೆ ಹೋಗುವಾಗ ಜೇಬಿನಲ್ಲಿ ಅಳತೆಯ ಚೀಟಿ, ಕ್ಯಾಲಿಪರ್, ನಿಮ್ಮ ತಗಡಿನ ದಪ್ಪದ್ದೇ ಒಂದು ಚೂರು ತಗಡು ಇರಲಿ. ಚೂರನ್ನು ಬೀಡಿಂಗಿನ ಬಾಯಿಗೆ ತುರುಕಿ ಅಲುಗಾಡಿಸಿ. ತಾನಾಗಿ ಬಿದ್ದರೆ ಬೇಡ. ಪಕ್ಕದ ಬಾಗಿಲುಗಳಿಗಿಂತ ಎಸ್‌ಯುವಿಗಳ ಹಿಂಬಾಗಿಲಿನ ಬೀಡಿಂಗ್ ಉದ್ದ ಸಿಗುತ್ತದೆ. ಚಾಲಕನ ಬಾಗಿಲಿನದು ಹತ್ತಿ ಇಳಿದು ಸವೆದಿರುತ್ತದೆ, ಹಿಂದಿನ ಸೀಟಿನದು ಹೊಸದರಂತಿರುತ್ತದೆ. ಕೊಳವೆಯನ್ನು ಹತ್ತು ಸೆಕೆಂಡು ಅಮುಕಿ ಬಿಡಿ, ತಕ್ಷಣ ಎದ್ದು ನಿಂತರೆ ಜೀವ ಇದೆ.

ನಷ್ಟ ಏನೆಂದರೆ, ಮೂಲ ಕಾರಿನ ಮೂಲೆಗಳಿಗೆಂದು ಬಗ್ಗಿದ ಜಾಗಗಳು ನಿಮ್ಮ ಕಾರಿನ ನೇರ ಅಂಚಿನಲ್ಲಿ ಬರಬಹುದು, ಒಳಬದಿಯ ತುಟಿಯೂ ಬೇರೆ ಥರ ಇರುತ್ತದೆ. ನಿಜ ಹೇಳಬೇಕೆಂದರೆ ಡಿಕ್ಕಿ ತೆರೆದು ತೋರಿಸಿದರೂ ನೂರರಲ್ಲಿ ಒಬ್ಬರಿಗೆ ಗೊತ್ತಾದೀತು. ಆ ಒಬ್ಬರು ಪ್ರದರ್ಶನದ ತೀರ್ಪುಗಾರರಾಗಿದ್ದರೆ ಮಾತ್ರ ಯೋಚಿಸಿ.

ಹಳೆಯದನ್ನೇ ಉಳಿಸಿಕೊಳ್ಳುವುದು, ಅಂಟಿಸುವ ಫೋಮ್

ಹಳೇ ಬೀಡಿಂಗ್ ಹರಿದಿಲ್ಲ, ಕೊಳವೆ ಚಪ್ಪಟೆಯಾಗಿದೆಯಷ್ಟೇ ಎಂದರೆ ಕಿತ್ತು ಬಿಸಾಡಬೇಡಿ. ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಕೊಳವೆಯೊಳಗೆ ಉದ್ದಕ್ಕೂ ತೆಳು ಸಿಲಿಕೋನ್ ಟ್ಯೂಬ್ ಹಾಯಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ. ಮೇಲೆ ಸಿಲಿಕೋನ್ ಗ್ರೀಸ್ ಸವರಿ. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಆಯಿಲ್ ಮುಟ್ಟಿಸಬೇಡಿ, ಇಪಿಡಿಎಂ ಎಣ್ಣೆಗೆ ಊದಿಕೊಂಡು ಹಾಳಾಗುತ್ತದೆ.

ಹಾರ್ಡ್‌ವೇರ್ ಅಂಗಡಿಯ ಅಂಟುಪಟ್ಟಿ ಫೋಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಹೀರಿ ಹಿಡಿದಿಟ್ಟು ತಗಡನ್ನು ತಿನ್ನಿಸುತ್ತದೆ, ಬಿಸಿಗೆ ಅಂಟು ಜಾರುತ್ತದೆ. ಹೊಗೆ ಎಲ್ಲಿಂದ ಬರುತ್ತಿದೆ ಎಂದು ಒಂದು ವಾರ ಪರೀಕ್ಷೆ ಮಾಡಲು ಮಾತ್ರ ಉಪಯೋಗಿಸಿ.

ಕೂರಿಸುವಾಗ ಎಲ್ಲಿ ತಪ್ಪುತ್ತದೆ

ಯಾವ ಬೀಡಿಂಗ್ ಆರಿಸಿದರೂ ಮೊದಲು ತಗಡು ಸರಿಮಾಡಿ. ಹಳೇ ರಬ್ಬರಿನ ಬಾಯಿಯಲ್ಲಿ ನಿಂತ ನೀರು ಅಂಚನ್ನು ಒಳಗಿಂದೊಳಗೇ ತಿಂದಿರುತ್ತದೆ, ಅದರಲ್ಲೂ ಕೆಳಗಿನ ಎರಡು ಮೂಲೆ. ತಂತಿ ಬ್ರಷ್, ತುಕ್ಕು ತಡೆಯುವ ಫಾಸ್ಫಾರಿಕ್ ದ್ರಾವಣ, ಎಪಾಕ್ಸಿ ಪ್ರೈಮರ್, ತೆಳುವಾಗಿ ಬಣ್ಣ, ಒಣಗಲು ಪೂರ್ತಿ ಸಮಯ. ಹಸಿ ಬಣ್ಣದ ಮೇಲೆ ಬೀಡಿಂಗ್ ಹಾಕಿದರೆ ಅದು ಬಣ್ಣ ಸಮೇತ ಕಿತ್ತು ಬರುತ್ತದೆ. ಬಗ್ಗಿದ ಅಂಚನ್ನು ಅಗಲ ಮೂತಿಯ ಇಕ್ಕಳದಲ್ಲಿ ನೇರ ಮಾಡಿ. ಗುದ್ದಿದ ಕಡೆ ಅಂಚು 2 ಮಿ.ಮೀ. ತಗ್ಗಿದ್ದರೂ ಯಾವ ದುಬಾರಿ ರಬ್ಬರೂ ಅದನ್ನು ಮುಚ್ಚಿಹಾಕಲಾರದು.

ಆಮೇಲೆ, ಬೀಡಿಂಗ್ ಇಲ್ಲದೆಯೇ ಬಾಗಿಲನ್ನು ಹೊಂದಿಸಿ. ಹಿಂಜಿನ ಬೋಲ್ಟು ಸಡಿಲಿಸಿ, ಸುತ್ತ ಸಂದು ಸಮವಾಗುವವರೆಗೆ ಸರಿಸಿ, ಮತ್ತೆ ಬಿಗಿ ಮಾಡಿ. ಬೀಡಿಂಗ್ ಹಾಕಿಕೊಂಡು ಹೊಂದಿಸಲು ಹೋದರೆ ರಬ್ಬರಿನ ಒತ್ತಡ ಯಾವುದು, ಹಿಂಜಿನ ತಪ್ಪು ಯಾವುದು ಎಂದು ತಿಳಿಯುವುದಿಲ್ಲ.

ಜೋಡಣೆ ಎಲ್ಲಿ ಬರಬೇಕು ಎಂಬುದಕ್ಕೆ ಜಗಳವಿದೆ. ಕೆಳಗೆ, ಲಾಚಿನಿಂದ ಒಂದು ಗೇಣು ಪಕ್ಕಕ್ಕೆ ಇರಲಿ. ಅಂಚು ಅಲ್ಲಿ ನೇರ, ಲಾಚ್ ಹತ್ತಿರವಿರುವುದರಿಂದ ಒತ್ತಡ ಚೆನ್ನಾಗಿ ಬೀಳುತ್ತದೆ, ಕೆಟ್ಟರೆ ಬಿಚ್ಚಿ ಮತ್ತೆ ಮಾಡುವುದೂ ಸುಲಭ. ಮೂಲೆಯಲ್ಲಂತೂ ಎಂದೂ ಜೋಡಿಸಬೇಡಿ.

ಅಲ್ಲಿಂದ ಶುರುಮಾಡಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಸುತ್ತು ಬನ್ನಿ. ಎಳೆಯಬೇಡಿ. ಎಳೆದು ಹಾಕಿದ ರಬ್ಬರ್ ಒಂದು ತಿಂಗಳಲ್ಲಿ ತನ್ನ ಉದ್ದಕ್ಕೆ ವಾಪಸಾಗುತ್ತದೆ, ಜೋಡಣೆಯಲ್ಲಿ ಬೆರಳು ಹೋಗುವಷ್ಟು ಜಾಗ ಬಿಡುತ್ತದೆ. ಬದಲಿಗೆ ಮೂಲೆಗಳಲ್ಲಿ ತುಸು ಒಳಕ್ಕೆ ದೂಡಿ ತುಂಬಿ. ಸುತ್ತು ಮುಗಿದಮೇಲೆ ಕತ್ತರಿಸಬೇಡಿ, ಬಾಗಿಲು ಮುಚ್ಚಿ ಒಂದು ರಾತ್ರಿ ಬಿಡಿ. ಮರುದಿನ 10 ಮಿ.ಮೀ. ಹೆಚ್ಚೇ ಇಟ್ಟು, ಹೊಸ ಬ್ಲೇಡನ್ನು ನೀರಲ್ಲಿ ಅದ್ದಿ ಒಂದೇ ಎಳೆತಕ್ಕೆ ಕತ್ತರಿಸಿ. ಎರಡೂ ತುದಿಯ ಕೊಳವೆಯೊಳಗೆ ಒಂದಿಂಚು ಟ್ಯೂಬ್ ಸೇರಿಸಿ, ತುದಿಗಳಿಗೆ ಸೂಪರ್ ಗ್ಲೂ ಹಚ್ಚಿ ಒತ್ತಿ ಹಿಡಿಯಿರಿ. ತಗಡನ್ನು ಕಚ್ಚುವ ಬಾಯಿಗೆ ಅಂಟು ಬೇಕಿಲ್ಲ. ಅಲ್ಲಿ ಅಂಟು ಬೇಕಾಗುತ್ತಿದೆ ಎಂದರೆ ಹಿಡಿತದ ಅಳತೆ ತಪ್ಪಿದೆ.

ಇನ್ನೊಂದು ಮಾತು, ಇದನ್ನು ಅನೇಕರು ಮರೆಯುತ್ತಾರೆ. ಕಾರ್ಖಾನೆಯ ಬೀಡಿಂಗಿನ ಕೊಳವೆಯಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ, ಅಮುಕಿದಾಗ ಒಳಗಿನ ಗಾಳಿ ಹೋಗಲೆಂದು. ಮೀಟರಿನ ಬೀಡಿಂಗಿನಲ್ಲಿ ಇವು ಇಲ್ಲದಿದ್ದರೆ, ಎರಡೂ ತುದಿ ಅಂಟಿಸಿದೊಡನೆ ಅದು ಊದಿದ ಟ್ಯೂಬಿನಂತೆ ಬಾಗಿಲನ್ನು ತಳ್ಳುತ್ತದೆ. ಬಾಗಿಲು ಬಡಿದಾಗಲೆಲ್ಲ ಪುಟಿಯುತ್ತದೆ. ಒಳಬದಿಗೆ, 300 ಮಿ.ಮೀ.ಗೆ ಒಂದರಂತೆ, 2 ಮಿ.ಮೀ. ತೂತು ಮಾಡಿ.

ಪರೀಕ್ಷೆಗೆ ಮೂರು ಹಂತ. ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಸುತ್ತಲೂ ಒಂದೇ ಬಿಗಿ ಇರಬೇಕು. ಕೊಳವೆಗೆ ಮುಖದ ಪೌಡರ್ ಸವರಿ ಮುಚ್ಚಿ ತೆರೆದರೆ ಬಾಗಿಲ ಮೇಲೆ ಎಲ್ಲೂ ತುಂಡಾಗದ ಗೆರೆ ಬೀಳಬೇಕು. ಕಡೆಗೆ ಊದುಬತ್ತಿ: ಕಿಟಕಿಗಳನ್ನೆಲ್ಲ ಏರಿಸಿ, ಬ್ಲೋವರನ್ನು ಹೊರಗಿನ ಗಾಳಿಗೆ ಇಟ್ಟು ಜೋರಾಗಿ ಬಿಡಿ. ಎಂಜಿನ್ ಆರಿಸಿರಲಿ, ಕೀಲಿ ಮಾತ್ರ ತಿರುಗಿಸಿ. ಗಾಳಿ ಆಡದ ಗ್ಯಾರೇಜಿನಲ್ಲಿ ಹೊರಗೆ ನಿಂತು ಊದುಬತ್ತಿಯನ್ನು ಬಾಗಿಲ ಸುತ್ತ ನಿಧಾನವಾಗಿ ಒಯ್ಯಿರಿ. ಹೊಗೆಯ ಎಳೆ ಎಲ್ಲಿ ತಟ್ಟನೆ ಹೊರಕ್ಕೆ ಚದುರುತ್ತದೋ ಅಲ್ಲಿ ಸಂದು. ಕೈ ಹಾಗೇ ಕೆಳಗಿಳಿಸಿ ಹಿಂದೀಪಗಳ ಸುತ್ತಲೂ ಒಯ್ಯಿರಿ. ಅರ್ಧ ಕಾರುಗಳಲ್ಲಿ ನಿಜವಾದ ಕಳ್ಳ ಅಲ್ಲೇ ಕೂತಿರುತ್ತಾನೆ. ಹಿಂದೀಪದ ಗ್ಯಾಸ್ಕೆಟ್, ತಂತಿ ಹಾಯುವ ರಬ್ಬರ್ ಬಿಲ್ಲೆ, 1971ರ ಶುರುವಿನವರೆಗಿನ ಕಾರುಗಳ ಹಿಂಬಾಗಿಲಲ್ಲಿ ಇದ್ದ ಗಾಳಿಕಿಂಡಿಗಳು, ಇವಿಷ್ಟನ್ನೂ ನೋಡದೆ ಬೀಡಿಂಗಿಗೆ ಬೈಯಬೇಡಿ. ಸೈಲೆನ್ಸರಿನ ಕೊನೆ ಬಂಪರಿನೊಳಗೇ ನಿಂತಿದ್ದರೆ ಅದನ್ನೂ ಹೊರಕ್ಕೆ ಬರುವಂತೆ ಉದ್ದ ಮಾಡಿಸಿ. ವಾಸನೆ ಪೆಟ್ರೋಲಿನದಾಗಿದ್ದರೆ ಕಥೆಯೇ ಬೇರೆ, ಟ್ಯಾಂಕಿನ ಹಳೇ ರಬ್ಬರ್ ಪೈಪುಗಳನ್ನು ನೋಡಿ.

ಯಾರಿಗೆ ಯಾವುದು

ದಿನವೂ ಓಡಿಸುವವರು, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಸ್ಪಂಜು ಕೊಳವೆಯ ಮರುತಯಾರಿಕೆ ಅಥವಾ ಗುಜರಿಯ ಮೆತ್ತನೆ ಬೀಡಿಂಗ್, ಎರಡರಲ್ಲಿ ಒಂದಕ್ಕೆ ಹೋಗಿ. ಜೇಬು ಬಿಗಿ, ಕೈ ಚುರುಕು ಇದ್ದವರಿಗೆ ಮೀಟರಿನದು ಸಾಕು. ಬಾಗಿಲ ಸಂದು ಒಂದೆಡೆಗೂ ಇನ್ನೊಂದೆಡೆಗೂ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾವುದನ್ನೂ ಕೊಳ್ಳಬೇಡಿ, ಆ ಹಣ ಮೊದಲು ತಗಡಿನ ಕೆಲಸದವರಿಗೆ ಹೋಗಲಿ. ಕಾರಿಗೆ ಮುಂದಿನ ವರ್ಷ ಬಣ್ಣ ಹೊಡೆಸುವ ಯೋಚನೆ ಇದ್ದರೆ ಈಗ ಗುಜರಿಯದೇ ಸರಿ, ಒಳ್ಳೆಯದನ್ನು ಬಣ್ಣದ ನಂತರಕ್ಕೆ ಇಟ್ಟುಕೊಳ್ಳಿ.

ಎರಡು ವಾರ ಕಳೆದಮೇಲೆ ಪೌಡರಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ರಬ್ಬರ್ ಕೂತಿರುತ್ತದೆ, ಸ್ಟ್ರೈಕರನ್ನು ಅರ್ಧ ಮಿ.ಮೀ. ಒಳಕ್ಕೆ ತರಬೇಕಾಗಬಹುದು. ಕತ್ತರಿಸಿ ಉಳಿದ ತುಂಡನ್ನು ಎಸೆಯಬೇಡಿ. ಟಾಲ್ಕಂ ಪೌಡರ್ ಉದುರಿಸಿ, ಕಪ್ಪು ಕವರಿನಲ್ಲಿ ಸುತ್ತಿ, ಕೊಂಡ ತಾರೀಖು ಮತ್ತು ತಕ್ಕಡಿಯ ಅಂಕಿ ಬರೆದು ಗ್ಯಾರೇಜಿನ ತಂಪಾದ ಮೂಲೆಯಲ್ಲಿಡಿ. ಮುಂದೆ ಎಂದಾದರೂ ಒಂದು ಗೇಣು ಹರಿದರೆ ಅಷ್ಟನ್ನೇ ಕತ್ತರಿಸಿ ಸೇರಿಸಬಹುದು.